ಕನ್ನಡಿಯ ಹಿಂದೆ

ಸಿದ್ದಾಪುರದ ಅಂಗಡಿಯಲ್ಲಿ ವಿನೀಶ
ಮೂರು ಡಬ್ಬಿ ತೆಗೆದು ಗಾಜಿನ ಮೇಜಿನ ಮೇಲಿಟ್ಟ.
ಒಂದಕ್ಕೆ ಮುಂದೆ ಮಾತ್ರ ಕಣ್ಣು,
ಒಂದಕ್ಕೆ ಹಿಂದೆಯೂ,
ಮೂರನೆಯದು ಗಾಡಿಯ ಒಳಗನ್ನೂ ನೋಡುತ್ತದಂತೆ.
ಒಳಗಿರುವುದು ಹನ್ನೊಂದು ಮಕ್ಕಳು,
ಯಾರದೋ ಚೀಲದಲ್ಲಿ ಸೋರಿದ ಸಾಂಬಾರು,
ಅವರನ್ನು ಇಳಿಸಿದ ಮೇಲೆ ನಾನು ಬೈಯುವ ಬೈಗುಳ.
ಅದು ಬೇಡ ಅಂದೆ.

"ಬ್ಯಾಟರಿಯದೂ ಬೇಡ ಪೊನ್ನಕ್ಕ, ಬಿಸಿಲಿಗೆ ಉಬ್ಬುತ್ತದೆ,
ಕೆಪಾಸಿಟರ್ ಇರುವುದೇ ತಗೊಳ್ಳಿ."
ಬಿಸಿಲಾ? ಇಲ್ಲಿ? ನಕ್ಕೆ.
"ಮಾರ್ಚಿಯಲ್ಲಿ ಹೂಮಳೆಗೆ ಕಾಯುವಾಗ
ನಿಮ್ಮ ಓಮ್ನಿಯ ಸ್ಟೇರಿಂಗು ಮುಟ್ಟಿ ನೋಡಿ."
ಬಾಯಿ ಮುಚ್ಚಿದೆ.

ನನಗೆ ಬೇಕಿದ್ದುದು ಒಂದು ಸಾಕ್ಷಿ, ಅಷ್ಟೆ.
ಆಗಸ್ಟಿನಲ್ಲಿ, ಅಮ್ಮತ್ತಿ ದಾರಿಯ ಹಲಸಿನ ತಿರುವಿನಲ್ಲಿ
ಪೂಣಚ್ಚನ ಸ್ಕೂಟರು ನನ್ನ ಬಂಪರಿಗೆ ತಾಗಿ
ಚರಂಡಿಗೆ ಇಳಿದ ದಿನ
ಹದಿನೈದು ಜನ ಸೇರಿದರು.
ನೋಡಿದವರು ಒಬ್ಬರೂ ಇಲ್ಲ,
ನೋಡಿದ್ದೇವೆ ಎಂದವರು ಹದಿನೈದೂ ಮಂದಿ.
"ಹೆಂಗಸು ಓಡಿಸಿದರೆ ಇಷ್ಟೇ" ಎಂದವನಂತೂ
ಬಂದದ್ದೇ ಆಮೇಲೆ, ಹೆಗಲ ಮೇಲೆ ಬಾಳೆಗೊನೆ ಹೊತ್ತು.
ಕಾಲಿಗೆ ಪ್ಲಾಸ್ಟರು, ಸ್ಕೂಟರಿಗೆ ಮಡ್‌ಗಾರ್ಡು:
ಹದಿನಾರು ಸಾವಿರದ ಎಂಟುನೂರು.
ಎಣಿಸಿ ಕೊಟ್ಟೆ.
ಕೊಟ್ಟ ಮೇಲೂ ಆರು ತಿಂಗಳು ಎಣಿಸುತ್ತಲೇ ಇದ್ದೆ.

ವಿನೀಶ ಗಾಜಿನ ಒಳಮೈ ಸ್ಪಿರಿಟ್ಟಿನಲ್ಲಿ ಒರೆಸಿದ.
ಈ ಥಂಡಿಗೆ ಅಂಟು ಹಿಡಿಯುವುದಿಲ್ಲವೆಂದು
ಹೆಂಡತಿಯ ಹೇರ್ ಡ್ರೈಯರ್ ಹಿಡಿದು
ಓಮ್ನಿಯ ಹಣೆಗೆ ಬಿಸಿಗಾಳಿ ಊದಿದ,
ಮಿಂದು ಬಂದ ಮಗುವಿಗೆ ಊದುವ ಹಾಗೆ.
ಲೈಟರಿನ ತೂತಿನಲ್ಲಿ ಕಡಲೆಕಾಯಿ ಸಿಪ್ಪೆ.
ಅದಕ್ಕೇ ವೈರನ್ನು ಬಾಗಿಲ ರಬ್ಬರಿನೊಳಗೆ ತುರುಕುತ್ತ ತುರುಕುತ್ತ
ಫ್ಯೂಸಿನವರೆಗೆ ಇಳಿಸಿದ.
ಕನ್ನಡಿಯ ಹಿಂದೆ ಕೂತಿತು,
ನನಗೇ ಕಾಣದಂತೆ.

ಮೊದಲ ದಿನ ನೆಲ್ಯಹುದಿಕೇರಿಗೆ ಹೋಗಿ ಬರುವಷ್ಟರಲ್ಲಿ
ನಲವತ್ತೊಂದು ಅಪಘಾತ ದಾಖಲಾಗಿತ್ತು.
ನಲವತ್ತೊಂದೂ ಗುಂಡಿ.
ತಾರೀಕು ಹೊಂದಿಸುವುದು ಮರೆತಿದ್ದೆವು;
ಅದರ ಲೆಕ್ಕದಲ್ಲಿ ಅದು
ಎರಡು ಸಾವಿರದ ಹದಿನೆಂಟು, ಜನವರಿ ಒಂದು.
ಆ ವರ್ಷದ ಮಳೆ ಇನ್ನೂ ಬಂದಿಲ್ಲ.
ಮಕ್ಕಂದೂರಿನ ಗುಡ್ಡ
ಇನ್ನೂ ತನ್ನ ಜಾಗದಲ್ಲೇ ಇದೆ.
ಸರಿಪಡಿಸುವ ಮುನ್ನ ಒಂದು ಗಳಿಗೆ
ಬೆರಳು ನಿಂತಿತು.

ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ನೋಡಿದೆ.
ಮಂಜು. ಮಂಜಿನೊಳಗಿಂದ ಕೆಲಸದವರ ಜೀಪು,
ಹೊಸ ಲದ್ದಿಯನ್ನು ಬಳಸಿ ಹೋಗುವ ನನ್ನ ಚಕ್ರ.
ಹಿಂದಿನ ಸೀಟಿನಿಂದ ಫಿದಾಳ ದನಿ:
ಏಳೆಂಟ್ಲಿ ಐವತ್ತನಾಲ್ಕು.
ಆಮೇಲೆ ಹಲಸಿನ ತಿರುವು ಬಂತು.
ಬಲಗಡೆ ಇರಬೇಕಾದ ಬಿಳಿ ಗೆರೆ
ಮೆಲ್ಲಗೆ ನನ್ನಡಿಗೆ ನುಸುಳಿ
ಎಡಕ್ಕೆ ಹೋಯಿತು.

ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ.
ಮರುದಿನದ್ದೂ ನೋಡಿದೆ. ಅದರ ಮರುದಿನದ್ದೂ.
ಹಾರನ್ ಹೊಡೆದಿದ್ದೇನೆ, ಸುಳ್ಳಲ್ಲ.
ಹಾರನ್ನಿಗೆ ಹೆದರಿ ಗೆರೆ ಸರಿಯುತ್ತದೆಯೆ?
ಹನ್ನೆರಡು ವರ್ಷ ಈ ದಾರಿಯಲ್ಲಿ,
ಕಣ್ಣು ಕಟ್ಟಿದರೂ ಓಡಿಸುತ್ತೇನೆ ಎನ್ನುತ್ತಿದ್ದೆ.
ಕಟ್ಟಿಕೊಂಡೇ ಓಡಿಸಿದ್ದೆನೇನೋ.

ಎರಡು ದಿನ ಬಿಟ್ಟರೆ ಕಾರ್ಡು ತುಂಬುತ್ತದೆ,
ಹಳೆಯದರ ಮೇಲೆ ಹೊಸದು ಬರೆದು ತಾನೇ ಅಳಿಸುತ್ತದೆ.
ಬಿಡಬಹುದಿತ್ತು.
ಆ ತುಣುಕಿಗೆ ಬೀಗದ ಗುಂಡಿ ಒತ್ತಿದೆ.
ನಲವತ್ತೆರಡನೆಯದು.

ಬೆಳಿಗ್ಗೆ ತಿರುವಿನಲ್ಲಿ ಎರಡನೇ ಗೇರಿಗೆ ಇಳಿದೆ.
ಎಡಕ್ಕೆ, ಇನ್ನೂ ಎಡಕ್ಕೆ;
ಲಂಟಾನ ಕನ್ನಡಿಯನ್ನು ಕೆರೆಯಿತು.
ಹನ್ನೊಂದು ಮಕ್ಕಳೂ ಒಮ್ಮೆಲೇ ಸುಮ್ಮನಾದರು.
ಫಿದಾ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು:
"ಪೊನ್ನಕ್ಕ, ಆನೆಯಾ?"

"ಹೂಂ" ಅಂದೆ.
ಅದೂ ರೆಕಾರ್ಡಾಯಿತು.