ಗಾಳಿ ಬಿದ್ದ ವಾರ

ಜನವರಿಯಲ್ಲಿ ಒಂಬತ್ತು ದಿನ ಗಾಳಿ ಬಿದ್ದಿತ್ತು.
ಲೌಸಿಟ್ಸ್ ಬಯಲ ಮೇಲೆ ಮಂಜು,
ಮಂಜಿನೊಳಗೆ ಹನ್ನೆರಡು ಗಾಳಿಯಂತ್ರ,
ಮೂರು ಮೂರು ತೋಳು ಚಾಚಿ
ಏನೋ ಹೇಳಹೊರಟು ಮರೆತವರ ಹಾಗೆ.

ಹಾಂದ್ರಿ ಕಿಟಕಿಯಲ್ಲಿ ನಿಂತು ನೋಡಿದ.
"ನಿನ್ನ ದನ ಇವತ್ತೂ ಎದ್ದಿಲ್ಲ" ಅಂದ ಸೊಸೆಗೆ.
ವೋರ್ಷಾ ಬೂಟಿನ ದಾರ ಬಿಗಿಯುತ್ತಿದ್ದಳು.
ಲಿಫ್ಟು ಕೆಟ್ಟಿದೆ, ನೂರು ಮೀಟರು ಏಣಿ ಹತ್ತಿ
ಗ್ರೀಸು ಹಚ್ಚಿ ಬರಬೇಕು.
"ಮಲಗಿದ ದನಕ್ಕೆ ಲಾಳ ಕಟ್ಟುವುದು ಸುಲಭ, ಮಾವ."

ಮೂವತ್ತೊಂದು ವರ್ಷ ಅವನು ಅಗೆದವನು.
ಅವನ ಯಂತ್ರದ ಹಲ್ಲಿಗೆ ಹೊತ್ತುಗೊತ್ತಿರಲಿಲ್ಲ:
ಹಗಲು, ರಾತ್ರಿ, ಕ್ರಿಸ್ಮಸ್, ಹಿಮ.
ಕಲ್ಲಿದ್ದಲು ಎಂದೂ ನಾಳೆ ಬಾ ಅನ್ನಲಿಲ್ಲ.
ಕರೆದಾಗ ಬಂತು, ಉರಿ ಅಂದಾಗ ಉರಿಯಿತು,
ಬರ್ಲಿನ್ನಿನ ದೀಪಕ್ಕೆ, ಯಾರದೋ ಟ್ರಾಮಿಗೆ,
ತನ್ನದೇ ಅಡುಗೆಮನೆಯ ಹಂಚಿನ ಒಲೆಗೆ.
ಬೆಚ್ಚಗಿದ್ದೆವು, ಅನ್ನುತ್ತಾನೆ.
ಸುಳ್ಳಲ್ಲ.

ಆಮೇಲೆ ಹಲ್ಲು ಊರಿನ ಅಂಚಿಗೆ ಬಂತು.
ಮೊದಲು ಚೆರ್ರಿ ತೋಟ, ಆಮೇಲೆ ಶಾಲೆ,
ಸೋರ್ಬ್ ಮಾತಿನಲ್ಲಿ ಮಗ್ಗಿ ಹೇಳಿಸುತ್ತಿದ್ದ ಶಾಲೆ.
ಸ್ಮಶಾನವನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ಎತ್ತಿ
ಹೆದ್ದಾರಿ ಪಕ್ಕದ ಹೊಸ ಬಡಾವಣೆಗೆ ಒಯ್ದರು.
ಅವ್ವನ ಪೆಟ್ಟಿಗೆ ಹಗುರಾಗಿತ್ತು.
ಆ ಪಾಳಿಯಲ್ಲಿ ಯಂತ್ರದ ಮೇಲೆ ಯಾರಿದ್ದರು ಅಂತ
ಹಾಂದ್ರಿಯನ್ನು ಯಾರೂ ಕೇಳಿಲ್ಲ.
ವೋರ್ಷಾಳೂ ಕೇಳಿಲ್ಲ.

ಅವ್ವ ಶನಿವಾರ ರೈ ಹಿಟ್ಟು ನಾದುತ್ತಿದ್ದಳು.
ಒಲೆಗಿಡುವ ಮೊದಲು ಒಂದು ಹಿಡಿ ಹುಳಿಹಿಟ್ಟು
ಮಣ್ಣಿನ ಕುಡಿಕೆಯಲ್ಲಿ ತೆಗೆದಿಡುತ್ತಿದ್ದಳು.
ಹಸಿವಿರಲಿ, ಯುದ್ಧವಿರಲಿ, ಮನೆ ತುಂಬ ನೆಂಟರಿರಲಿ,
ಆ ಹಿಡಿಗೆ ಯಾರೂ ಕೈ ಹಾಕುವಂತಿಲ್ಲ.
ಬರುವ ವಾರದ ರೊಟ್ಟಿ ಅದರೊಳಗೆ ಮಲಗಿದೆ, ಅನ್ನುತ್ತಿದ್ದಳು.

ಒಂದೂವರೆ ಕೋಟಿ ವರ್ಷ ಜೌಗಿನಲ್ಲಿ ಮಲಗಿದ ಕಾಡು,
ಅದನ್ನು ಅಪ್ಪನ ಕಾಲದವರೂ ಅವನ ಕಾಲದವರೂ ಉಂಡು ಮುಗಿಸಿದರು.
ಹೆಪ್ಪು ಉಳಿಸೋಣವೆಂದರೆ ಅದು ಹಿಟ್ಟೂ ಅಲ್ಲ, ಹಾಲೂ ಅಲ್ಲ.
ಗುಂಡಿಯಲ್ಲಿ ಈಗ ನೀರು ತುಂಬಿ ಕೆರೆ,
ಬೇಸಿಗೆಯಲ್ಲಿ ಬಣ್ಣದ ದೋಣಿ.
ಊರು ತಳದಲ್ಲೂ ಇಲ್ಲ.

ಸಂಜೆ ವೋರ್ಷಾ ಬಂದಳು, ತುಟಿ ನೀಲಿ.
ಹೀಟ್ ಪಂಪು ಗೊಣಗಿ ಗೊಣಗಿ ಮನೆ ಅರೆಬೆಚ್ಚಗೆ.
ಮೂಲೆಯಲ್ಲಿ ಹಳೆಮನೆಯಿಂದ ಬಿಚ್ಚಿ ತಂದು ಕಟ್ಟಿದ ಒಲೆ,
ಅದರ ಮೇಲೆ ಹೂಕುಂಡ.
ಹಾಂದ್ರಿ ಕಪಾಟಿನಿಂದ ಇಳಿಸಿದ,
ಗಣಿ ಮುಚ್ಚಿದ ದಿನ ಕೊಟ್ಟಿದ್ದ ಇದ್ದಿಲ ಇಟ್ಟಿಗೆ,
ಕೊನೆಯದು, ಇಸವಿ ಒತ್ತಿದ್ದು, ರಿಬ್ಬನ್ನು ಕಟ್ಟಿದ್ದು.
ರಿಬ್ಬನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ.
"ಬೇಡ ಮಾವ, ಅದು ನಿಮ್ಮ ನೆನಪು."
"ನೆನಪಾದರೆ ನೆನಪು. ಕೈ ಚಾಚು."

ಎರಡು ಗಂಟೆ ಉರಿಯಿತು. ಗಂಧಕದ ವಾಸನೆ.
ಅವಳು ಕೆಮ್ಮಿದಳು, ಆದರೆ ಏಳಲಿಲ್ಲ.
ಮೂಳೆಗೆ ಪರಿಚಯವಿರುವ ಬಿಸಿ.
ಕೊನೆಗೆ ಬೂದಿ, ಸರಿಯಾಗಿ ಒಂದು ಹಿಡಿ.
ಕುಡಿಕೆಗಾಗಿ ಕೈ ಕಪಾಟಿನತ್ತ ಹೋಗಿ
ನಡುವೆಯೇ ನಿಂತಿತು.
ಹೊರಗೆ ಹೋಗಿ ಬಾಗಿಲ ಮುಂದಿನ ಮಂಜುಗಡ್ಡೆಗೆ ಚೆಲ್ಲಿದ,
ಬೆಳಿಗ್ಗೆ ಅವಳ ಬೂಟು ಜಾರದಿರಲಿ ಅಂತ.

ಹತ್ತನೆಯ ದಿನ, ಇನ್ನೂ ಕತ್ತಲು,
ಮಾಡಿನ ಅಂಚಿನಲ್ಲಿ ಸಣ್ಣ ಸಿಳ್ಳೆ.
ಹಾಂದ್ರಿ ಕಿಟಕಿಗೆ ಹೋಗಲಿಲ್ಲ.
ಹಾಸಿಗೆಯಲ್ಲೇ ಎಣಿಸಿದ, ಸೋರ್ಬ್ ಮಾತಿನಲ್ಲಿ,
ದೂರದಲ್ಲಿ ಒಂದೊಂದೇ ತೋಳು ಹೊರಳುವ ಸದ್ದು,
ಹನ್ನೊಂದರವರೆಗೆ. ಸ್ವಲ್ಪ ತಡೆದು, ಹನ್ನೆರಡು.
"ಎದ್ದವು" ಅಂದ, ಕತ್ತಲಿಗೆ.