ರಸೀದಿ ನಂಬರ್ ಒಂದು

ಹದಿನಾಲ್ಕನೇ ಸಾಕ್ಷಿ ನಾನು, ಕೋದಂಡ.
ಮಾಫಿ ಸಾಕ್ಷಿ ಅನ್ನುತ್ತಾರೆ; ಮಾಫಿ ಯಾರು ಮಾಡಿದರೋ ತಿಳಿಯದು.
ಕಾಟನ್‌ಪೇಟೆಯಲ್ಲಿ ಮೆಟ್ಟಿಲ ಕೆಳಗೊಂದು ಪ್ರೆಸ್ಸು,
ಕಾಲಲ್ಲಿ ತುಳಿಯುವ ಟ್ರೆಡಲ್ಲು, ಸೀಸದ ಮೊಳೆಯ ನಾಲ್ಕು ಪೆಟ್ಟಿಗೆ.
ಕಟಕಟೆಯಲ್ಲಿ ತಂದೆ ಹೆಸರು ಕೇಳಿದರು, ಹೇಳಿದೆ.
ತಾಯಿ ಹೆಸರು ಕೇಳಲಿಲ್ಲ.
ಅದಾಗಲೇ ಫೈಲಿನಲ್ಲಿತ್ತು.

ಬೈಲಪ್ಪ ಮೊದಲು ಬಂದಾಗ ಅವನ ಹತ್ತಿರ ಇದ್ದದ್ದು
ಮಿಲ್ಲಿನ ಗೇಟ್ ಪಾಸು, ಒಂದು ಬಾಡಿಗೆ ಸೈಕಲ್ಲು,
ಮತ್ತೆ ಆ ದನಿ, ಸೈರನ್ನು ನಿಂತ ಮೇಲೂ ಕೇಳುವಂಥದು.
"ನೂರು ರಸೀದಿ ಬುಕ್ಕು ಬೇಕು ಕೋದಂಡ, ದುಡ್ಡು ಗೆದ್ದ ಮೇಲೆ."
ಮೊಳೆ ಜೋಡಿಸಿದೆ: ಇವರಿಂದ ಚಂದಾ ರೂಪಾಯಿ ಇಷ್ಟು
ವಂದನೆಗಳೊಡನೆ ಸ್ವೀಕರಿಸಲಾಗಿದೆ.
ವಂದನೆ ಬೇಕಾ ಅಂದೆ, ಮೊಳೆ ಕಮ್ಮಿ ಇದೆ.
"ಅದೇ ಮುಖ್ಯ ಕಣೋ" ಅಂದ.

ಹಸಿ ಇಂಕಿನ ಮೊದಲ ರಸೀದಿ ಹರಿದದ್ದು ನಮ್ಮಮ್ಮನಿಗೆ.
ಮುನಿತಾಯಮ್ಮ, ಊದುಬತ್ತಿ ಹೊಸೆಯುವವಳು,
ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ.
ಸೆರಗಿನ ಗಂಟಿಂದ ಎರಡು ರೂಪಾಯಿ.
ನೋಟಿನ ಮೇಲೆ, ರಸೀದಿಯ ಮೇಲೆ, ಕರಿ ಬೆರಳ ಗುರುತು.
ಬೈಲಪ್ಪ ಬಗ್ಗಿ ಕಾಲು ಮುಟ್ಟಿದ.
ನಾಟಕ ಅಲ್ಲ ಅದು. ಕೋರ್ಟಿನಲ್ಲೂ ಹೇಳಬೇಕೆಂದಿದ್ದೆ,
"ಕೇಳಿದ್ದಕ್ಕೆ ಮಾತ್ರ ಉತ್ತರ" ಅಂದರು.

ಆಮೇಲೆ ಕಾರ್ಪೊರೇಟರು, ಆಮೇಲೆ ಎಮ್ಮೆಲ್ಲೆ,
ಒಂದೂವರೆ ವರ್ಷ ಗೂಟದ ಕಾರು.
ಮಿಲ್ಲು ಮುಚ್ಚಿತು, ಅದರ ಚಿಮಣಿಗಿಂತ ಎತ್ತರಕ್ಕೆ ಗಾಜು ಎದ್ದಿತು,
ರಾಜಕಾಲುವೆಯೊಂದು ನಕ್ಷೆಯೊಳಗೇ ಮಗ್ಗುಲು ಬದಲಿಸಿ ಮಲಗಿತು.
ಕಟ್ಟುವವರು, ಕ್ವಾರಿಯವರು, ಕಸದ ಗುತ್ತಿಗೆಯವರು
ರಾತ್ರಿ ಪಕ್ಷದ ಆಫೀಸಿಗೆ ಬ್ಯಾಗು ಹಿಡಿದು ಹತ್ತಿ
ಬರಿಗೈಲಿ ಇಳಿಯುತ್ತಿದ್ದರು, ನಗುನಗುತ್ತ.

ದುಡ್ಡಿಗೆ ಹೆಸರು ಬೇಕಿತ್ತು.
ಇಪ್ಪತ್ತು ಸಾವಿರದ ಒಳಗೆ ಚೂರು ಮಾಡಿದರೆ
ಯಾರೂ ಕೇಳಲ್ಲ ಅಂದರು ಆಡಿಟರು,
ಆದರೂ ಪುಸ್ತಕದಲ್ಲಿ ಹೆಸರಿರಲಿ, ಚೆನ್ನಾಗಿ ಕಾಣುತ್ತೆ.
ನಂಬರ್ ಹಾಕುವವನು ನೀನೇ, ಹೆಸರೂ ನೀನೇ ಬರಿ.
ಎಂಟು ಸಾವಿರ ಹೆಸರು!
ಮೊದಲು ಮತದಾರರ ಪಟ್ಟಿ ಖಾಲಿ ಮಾಡಿದೆ,
ಆಮೇಲೆ ನಾನೇ ಅಚ್ಚು ಹಾಕಿದ ಮದುವೆ ಪತ್ರಿಕೆಗಳಲ್ಲಿ
ಸುಖಾಗಮನ ಬಯಸುವವರು,
ಆಮೇಲೆ ವೈಕುಂಠ ಸಮಾರಾಧನೆಯ ಕಾರ್ಡುಗಳು.
ಬೆಳಗಿನ ಜಾವ, ನಿದ್ದೆಗಣ್ಣು. ಕೈ ತಾನಾಗಿ
ತನಗೆ ಗೊತ್ತಿದ್ದ ಹೆಸರೊಂದನ್ನು ಬರೆಯಿತು:
ಮುನಿತಾಯಮ್ಮ, ಕಾಟನ್‌ಪೇಟೆ.
ಹತ್ತೊಂಬತ್ತು ಸಾವಿರದ ಐನೂರು.
ಅವಳು ಹೋಗಿ ಆರು ವರ್ಷ ಆಗಿತ್ತು.

ಆ ಚೀಟಿಯನ್ನೇ ಎತ್ತಿ ಹಿಡಿದರು ಸರ್ಕಾರಿ ವಕೀಲರು.
"ಈಕೆ ಯಾರು?"
ಫ್ಯಾನು ತಿರುಗುತ್ತಿತ್ತು. ಕೆಳಗೆ ಕೆ.ಜಿ. ರಸ್ತೆಯ ಹಾರನ್ನು.
"ನಮ್ಮಮ್ಮ."
"ಇಷ್ಟು ಹಣ ಎಲ್ಲಿಂದ ಬಂತು ಆಕೆಗೆ?"
ಸಾವಿರ ಕಡ್ಡಿಗೆ ಇಷ್ಟು ಅಂತ ಲೆಕ್ಕ ಹಾಕತೊಡಗಿದೆ, ಬಾಯಿಬಿಟ್ಟೇ.
ಯಾರೋ ನಕ್ಕರು. ಜಡ್ಜಮ್ಮ ನಗಲಿಲ್ಲ,
ಟೈಪಿಸ್ಟಿಗೆ ಹೇಳಿ ಬರೆಸಿಕೊಂಡರು.

ನಾಲ್ಕು ವರ್ಷ, ಮೇಲೆ ದಂಡ.
ದಂಡ ಕಟ್ಟಿದ್ದಕ್ಕೆ ಬೈಲಪ್ಪನಿಗೊಂದು ರಸೀದಿ ಕೊಟ್ಟರು.
ವಂದನೆ ಇರಲಿಲ್ಲ ಅದರಲ್ಲಿ.
ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದು ನೋಡಿದ,
ಮಿಲ್ಲಿನಲ್ಲಿ ಬಟ್ಟೆಯ ನೂಲು ತಪ್ಪಿದ್ದನ್ನು ಹುಡುಕುವ ಹಾಗೆ.
ಪೊಲೀಸಿನವನು ಮೊಣಕೈ ಹಿಡಿದಿದ್ದ, ಮೆತ್ತಗೆ.

ಮೆಟ್ಟಿಲಲ್ಲಿ ಗೋಡೆಗೆ ಸರಿದೆ.
ನಿಂತ. ಬೈಯುತ್ತಾನೆ ಅಂದುಕೊಂಡೆ.
"ಪ್ರೆಸ್ಸು ನಡೀತಿದೆಯೇನೋ?"
"ನಡೀತಿದೆ ಬೈಲಣ್ಣ."
ಅಣ್ಣ ಅನ್ನಬಾರದಿತ್ತು. ಬಾಯಿಗೆ ಅಭ್ಯಾಸ.

ಎರಡು ರೂಪಾಯಿಯ ಆ ರಸೀದಿ ಅಮ್ಮನ ಡಬ್ಬಿಯಲ್ಲಿದೆ.
ಪೊಲೀಸರು ಕೇಳಲಿಲ್ಲ, ನಾನು ಕೊಡಲಿಲ್ಲ.
ಇಂಕು ಹರಡಿದೆ, ಘಮ ಉಳಿದಿದೆ ಒಂಚೂರು.
ಆ ನೂರು ಬುಕ್ಕಿನ ದುಡ್ಡು
ಇನ್ನೂ ಬಂದಿಲ್ಲ.