ಅಡ್ಡ ಹಾಯಿಸು, ತಿರುವು

"ಮೈಯಲ್ಲೆಲ್ಲಾದರೂ ಲೋಹವಿದೆಯೆ?"
ದಿನಕ್ಕೆ ಹದಿನಾಲ್ಕು ಸಲ ಕೇಳುತ್ತೇನೆ,
ಕೇಳಿ ಕೇಳಿ ನಾಲಿಗೆ ಸವೆದಿದೆ.
ಇದ್ರಿಯಾದಿಂದ ಬೆಳಗಿನ ಬಸ್ಸಿಗೆ
ಲ್ಯೂಬ್ಲಿಯಾನಾಕ್ಕೆ ಬಂದಿಳಿದ ಪಾವ್ಲಾ ಅಜ್ಜಿ
ಸ್ವಲ್ಪ ಹೊತ್ತು ಯೋಚಿಸಿ ಅಂದಳು:
"ನನ್ನಲ್ಲಿಲ್ಲ. ಅಪ್ಪನ ಮೈಯಲ್ಲಿತ್ತು."

ಪಾದರಸ.
ಗಣಿಯೊಳಗೆ ಇಪ್ಪತ್ತೊಂದು ವರ್ಷ ಉಸಿರಾಡಿದ್ದು.
ಬಟ್ಟಲಿನಿಂದೆತ್ತಿದ ಸೂಪು
ಬಾಯಿ ಮುಟ್ಟುವಷ್ಟರಲ್ಲಿ ಚಮಚ ಖಾಲಿ.
ನಾವು ಮಕ್ಕಳು ನಗುತ್ತಿದ್ದೆವು, ಅಂದಳು.
ಈಗ ಅವಳ ಬಲಗೈ ಮಡಿಲಲ್ಲಿ ಅದುರುತ್ತದೆ,
ಎಡಗೈ ಅದನ್ನು ಹಿಡಿದುಕೊಂಡಿದೆ,
ಬೇರೆ ಯಾರದೋ ಮಗುವನ್ನು ಹಿಡಿದ ಹಾಗೆ.

ಉಂಗುರ ಸಾಬೂನಿಗೆ ಮಣಿಯಿತು.
ಕೊರಳಪಟ್ಟಿಯ ಹಿಂದೆ ನಾಲ್ಕು ಗುಂಡುಸೂಜಿ!
ಆರನೆಯ ವಯಸ್ಸಿನಿಂದ ಲೇಸು ಹೆಣೆದವಳು,
ಅವು ಅಲ್ಲಿದ್ದುದು ಅವಳಿಗೇ ಮರೆತಿತ್ತು.

ಕೊಳವೆಯೊಳಗೆ ಅವಳು, ಗಾಜಿನ ಈಚೆ ನಾನು.
ಡಗ್ ಡಗ್ ಡಗ್ ಎಂದು ಬಡಿಯತೊಡಗಿತು ಯಂತ್ರ.
ಮೈಯ ನೀರಿನ ಕಣಗಳು ಕಾಂತದತ್ತ ಸಾಲುಗಟ್ಟಿ,
ತಟ್ಟಿದರೆ ವಾಲಿ, ಬಿಟ್ಟರೆ ಮೆಲ್ಲನೆ ಎದ್ದು,
ಏಳುವಾಗ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು
ಚಿತ್ರ ಬರೆಯುತ್ತದೆ ಇದು.

ಮೈಕಿನಲ್ಲಿ ಹೇಳಿದೆ: "ಕೈ ಆಡಿಸಬೇಡಿ.
ಹೆಣೆಯುತ್ತಿದ್ದೇನೆ ಅಂದುಕೊಳ್ಳಿ, ಸಾಕು."
ಅಡ್ಡ ಹಾಯಿಸು, ತಿರುವು.
ಅಡ್ಡ ಹಾಯಿಸು, ತಿರುವು.
ಲೋಕದ ಲೇಸೆಲ್ಲ ಇಷ್ಟೇ, ಎರಡೇ ಮಾತು, ಅಂದಿದ್ದಳು.
ನರಗಳಿಗೂ ಅದೇ ಚಾಳಿ:
ತಲೆ ಬೆನ್ನಹುರಿಗೆ ಸೇರುವಲ್ಲಿ
ಎಡದ ಎಳೆ ಬಲಕ್ಕೆ, ಬಲದ್ದು ಎಡಕ್ಕೆ.
ಬಲಗೈಯ ಒಡೆಯ ಕೂತಿರುವುದು
ಎಡಗಡೆಯ ಅಟ್ಟದಲ್ಲಿ.

ತೆರೆಯ ಮೇಲೆ ಅಲ್ಲೇ ಒಂದು ಕೆಂಡ.
(ಕೆಂಪು ಬಣ್ಣ ನಾವು ಬಳಿದದ್ದು.)
ಕೈ ಕದಲಿಲ್ಲ.
ಅದು ಯೋಚನೆಯಲ್ಲ, ನನಗೆ ಗೊತ್ತು,
ಯೋಚನೆಯ ಬೆನ್ನಿಗೆ ಐದಾರು ಸೆಕೆಂಡು ತಡವಾಗಿ
ಓಡಿಬಂದ ರಕ್ತ,
ಉಂಡು ಎದ್ದವರ ಎಲೆಗೆ ಬಡಿಸಲು ಬಂದ ಹಾಗೆ.
ಎಲೆ ನೋಡಿ ಹೇಳುತ್ತೇವೆ, ಇಲ್ಲಿ ಊಟ ನಡೆದಿದೆ.
ಏನು ಉಂಡರು, ಯಾರ ಜೊತೆ, ರುಚಿಸಿತೆ,
ಅದು ಬೇರೆ ಮಾತು.

"ಈಗ ನಿಲ್ಲಿಸಿ. ಏನೂ ನೆನೆಯಬೇಡಿ."
ಕೆಂಡ ಆರಲಿಲ್ಲ.
ಇಪ್ಪತ್ತು ಸೆಕೆಂಡು, ಮೂವತ್ತು, ಆರಲಿಲ್ಲ.
ಹೊರಗೆ ಬಂದ ಮೇಲೆ ಕೇಳಿದರೆ
"ಒಂದು ಸಾಲು ಉಳಿದಿತ್ತು" ಅಂದಳು,
"ನಡುವೆ ಬಿಟ್ಟರೆ ಬಿಚ್ಚಿಕೊಳ್ಳುತ್ತೆ."

ಉಂಗುರ ಮತ್ತೆ ಬೆರಳಿಗೆ ಏರಲಿಲ್ಲ, ಪರ್ಸಿಗೆ ಹಾಕಿಕೊಂಡಳು.
"ಈ ನಡುಕ ಅಪ್ಪನದೋ, ನನ್ನದೇನೋ?"
ಹೇಳುವವರು ಡಾಕ್ಟರು. ಗುರುವಾರ.

ಮಧ್ಯಾಹ್ನ ಕಿಟಕಿಯಿಂದ ಕಂಡಳು,
ಬಸ್ ನಿಲ್ದಾಣದ ಬೆಂಚಿನಲ್ಲಿ.
ಎರಡೂ ಕೈ ಮಡಿಲಲ್ಲಿ ಆಡುತ್ತಿದ್ದವು.
ನಡುಗುತ್ತಿದ್ದವೋ ಹೆಣೆಯುತ್ತಿದ್ದವೋ
ಅಷ್ಟು ದೂರದಿಂದ ತಿಳಿಯಲಿಲ್ಲ.
ಬಸ್ಸು ಬಂದು ಮರೆಮಾಡಿತು.
ನಾಲ್ಕು ಗುಂಡುಸೂಜಿ ನನ್ನ ಮೇಜಿನ ಮೇಲೇ ಉಳಿದಿವೆ,
ಕಾಗದದ ಲೋಟದಲ್ಲಿ.